ಇಎಂಐ ಏನೂ ಚೇಂಜ್ ಆಗಿಲ್ವಂತೆ ಅಪ್ಪ

ಕನ್ನಡ ಸಂಘದ ಪತ್ರಿಕೆಗೆ ಮನೆ ಸಾಲದ ಬಗ್ಗೆ ಬರೀತಿದ್ದೀನಿ ಅಂದಾಗ ನನ್ನ ರೂಮ್‌ಮೇಟ್ ನಕ್ಕುಬಿಟ್ಟಳು. ‘ನಿಂಗೇನು ಐವತ್ತು ವರ್ಷ ಆಯ್ತಾ?’ ಅಂದಳು. ನಿಮ್ಮ ಮನೆ ಮೇಲೆ ಸಾಲ ಇದೆಯಾ ಅಂತ ಕೇಳಿದೆ. ಇದೆ. ಬಡ್ಡಿ ಎಷ್ಟು? ಗೊತ್ತಿಲ್ಲ. ಇನ್ನೂ ಎಷ್ಟು ಕಂತು ಬಾಕಿ ಇದೆ? ಅದೂ ಗೊತ್ತಿಲ್ಲ. ಕಳೆದ ಆಗಸ್ಟ್‌ವರೆಗೆ ನನಗೂ ಗೊತ್ತಿರಲಿಲ್ಲ, ಹಾಗಾಗಿ ನಾನು ವಾಪಸ್ ನಗೋ ಹಾಗಿರಲಿಲ್ಲ.

ನಮ್ಮೂರು ತಿಪಟೂರು. ಅಪ್ಪನದು ಮೋಟರ್ ರೀವೈಂಡಿಂಗ್ ಅಂಗಡಿ. ನಮ್ಮ ಕಡೆ ತೋಟ ಅಂದ್ರೆ ತೆಂಗು, ತೆಂಗು ಅಂದ್ರೆ ಬೋರ್‌ವೆಲ್, ಬೋರ್‌ವೆಲ್ ಅಂದ್ರೆ ಮೋಟರ್. ಬೇಸಿಗೆಯಲ್ಲಿ ತ್ರೀ ಫೇಸ್ ಬಂದ ತಕ್ಷಣ ಎಲ್ಲರೂ ಒಟ್ಟಿಗೆ ಸ್ಟಾರ್ಟರ್ ಒತ್ತುತ್ತಾರೆ, ವೋಲ್ಟೇಜ್ ಕುಸಿಯುತ್ತೆ, ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತೆ, ವೈಂಡಿಂಗ್ ಸುಟ್ಟು ಹೋಗುತ್ತೆ. ಸುಟ್ಟಿದ್ದು ನಮ್ಮ ಅಂಗಡಿಗೆ ಬರುತ್ತೆ. ಇಂಡಕ್ಷನ್ ಮೋಟರ್ ಬಗ್ಗೆ ಸರ್ ಬೋರ್ಡ್ ಮೇಲೆ ಬರೆದಿದ್ದನ್ನ ನಾನು ಎಂಟು ವರ್ಷದವಳಿದ್ದಾಗಲೇ ವಾಸನೆಯಲ್ಲಿ ಕಲಿತಿದ್ದೆ. ನಾನು ಟ್ರಿಪಲ್ ಇ ತಗೊಂಡಿದ್ದಕ್ಕೆ ಬೇರೆ ಕಾರಣ ಹುಡುಕಬೇಡಿ.

2017ರಲ್ಲಿ ಅಪ್ಪ ಮನೆ ಕಟ್ಟಿಸಿದ. ಸೈಟು ಮೊದಲೇ ಇತ್ತು. ಎರಡು ಮೂರು ಬ್ಯಾಂಕಿಗೆ ಅಲೆದ. ಐಟಿ ರಿಟರ್ನ್ ಒಂದೇ ವರ್ಷದ್ದು ಇತ್ತು, ಮೂರು ವರ್ಷದ್ದು ಬೇಕು ಅಂದ್ರು. ಅಂಗಡಿ ಲೆಕ್ಕ ಇದ್ದದ್ದು ರಟ್ಟಿನ ಪುಸ್ತಕದಲ್ಲಿ, ಅದನ್ನ ಬ್ಯಾಂಕಿನವರು ಲೆಕ್ಕ ಅಂತ ಒಪ್ಪಲಿಲ್ಲ. ಕೊನೆಗೆ ಒಂದು ಹೌಸಿಂಗ್ ಫೈನಾನ್ಸ್ ಕಂಪನಿಯ ಹುಡುಗ ಅಂಗಡಿಗೇ ಬಂದು, ಬೆಂಚಿನ ಮೇಲೆ ಅರ್ಧ ದಿನ ಕೂತು, ಎಷ್ಟು ಮೋಟರ್ ಬರುತ್ತೆ ಎಷ್ಟು ಹೋಗುತ್ತೆ ಅಂತ ಎಣಿಸಿ ಸಾಲ ಕೊಡಿಸಿದ. 22 ಲಕ್ಷ, 20 ವರ್ಷ, 9 ಪರ್ಸೆಂಟ್, ತಿಂಗಳಿಗೆ 19,794 ರೂಪಾಯಿ. ಈ ಕೊನೆ ಸಂಖ್ಯೆ ನಮ್ಮ ಮನೆಯಲ್ಲಿ ಎಲ್ಲರಿಗೂ ಬಾಯಿಪಾಠ. ಪ್ರತಿ ತಿಂಗಳು 5ನೇ ತಾರೀಖಿನ ಹಿಂದಿನ ದಿನ ಅಮ್ಮ ‘ಅಕೌಂಟಲ್ಲಿ ಇದೆಯಾ?’ ಅಂತ ಒಂದು ಸಲ ಕೇಳೇ ಕೇಳ್ತಾಳೆ. ಎಂಟು ವರ್ಷದಲ್ಲಿ ಒಂದು ಕಂತೂ ತಪ್ಪಿಲ್ಲ.

ಆಗಸ್ಟ್‌ನಲ್ಲಿ ಎರಡನೇ ಸೆಮ್ ಮುಗಿಸಿ ಊರಿಗೆ ಹೋದಾಗ ಬಸ್ ಸ್ಟ್ಯಾಂಡ್ ಎದುರಿಗೆ ಅದೇ ಕಂಪನಿಯ ದೊಡ್ಡ ಬೋರ್ಡ್. ಮನೆ ಸಾಲ 8.50 ಪರ್ಸೆಂಟಿನಿಂದ ಶುರು. ನಗ್ತಿರೋ ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಕೈಯಲ್ಲಿ ಬೀಗದ ಕೈ. ರಾತ್ರಿ ಊಟಕ್ಕೆ ಕೂತಾಗ ಸುಮ್ಮನೆ ಕೇಳಿದೆ.

‘ಅಪ್ಪ, ನಮ್ಮ ಲೋನ್‌ಗೆ ಎಷ್ಟು ಪರ್ಸೆಂಟು?’

‘ಒಂಬತ್ತು.’

‘ಇನ್ನೆಷ್ಟು ವರ್ಷ ಇದೆ?’

‘ಎಂಟು ಆಯ್ತಲ್ಲ. ಇನ್ನು ಹನ್ನೆರಡು.’

ಎಷ್ಟು ಧೈರ್ಯವಾಗಿ ಹೇಳಿದ ಅಂದ್ರೆ ನಾನು ಅಲ್ಲಿಗೇ ಬಿಟ್ಟುಬಿಡಬೇಕಿತ್ತು. ಆದ್ರೆ ಅಪ್ಪನ ಫೋನ್ ಪಕ್ಕದಲ್ಲೇ ಇತ್ತು. ಕಂಪನಿಯ ಆ್ಯಪ್ ಹಾಕಿದೆ, ಓಟಿಪಿ ಬಂತು, ಸ್ಟೇಟ್‌ಮೆಂಟ್ ಡೌನ್‌ಲೋಡ್ ಆಯ್ತು. ಬಡ್ಡಿ 10.75. ಉಳಿದ ಅಸಲು 18 ಲಕ್ಷ 40 ಸಾವಿರ ಚಿಲ್ಲರೆ. ಬಾಕಿ ಇರೋ ಕಂತು 201.

ಹನ್ನೆರಡು ವರ್ಷ ಅಂದ್ರೆ 144 ಕಂತು. 57 ಕಂತು ಎಲ್ಲಿಂದ ಬಂತು?

ಆ ರಾತ್ರಿ ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್‌ನಲ್ಲಿ ಕೂತೆ. ಎನ್‌ಪರ್ ಅಂತ ಒಂದು ಫಂಕ್ಷನ್ ಇದೆ. ತಿಂಗಳ ಬಡ್ಡಿ, ಕಂತು, ಉಳಿದ ಅಸಲು ಕೊಟ್ಟರೆ ಇನ್ನೆಷ್ಟು ತಿಂಗಳು ಅಂತ ಹೇಳುತ್ತೆ. ಕಂತಿಗೆ ಮೈನಸ್ ಹಾಕೋದು ಮರೆತರೆ ಏನೇನೋ ಉತ್ತರ ಕೊಡುತ್ತೆ. ನನಗೆ ಅರ್ಧ ಗಂಟೆ ಕೊಟ್ಟಿತು. ಸ್ಟೇಟ್‌ಮೆಂಟ್ ಪ್ರಕಾರ ಮೊದಲ ಐದು ವರ್ಷ 9 ಪರ್ಸೆಂಟ್. 2022ರ ಆಗಸ್ಟ್‌ನಲ್ಲಿ 9.75. 2023ರ ಜನವರಿ ಕೊನೆಗೆ 10.75. ಆಮೇಲೆ ಇಳಿದೇ ಇಲ್ಲ.

ಬಡ್ಡಿ ಏರಿದರೆ ಕಂತು ಏರಬೇಕಲ್ಲ, ನಮ್ಮದು ಯಾಕೆ 19,794ರಲ್ಲೇ ನಿಂತಿದೆ? ಕಂತನ್ನ ಹಾಗೇ ಇಟ್ಟು ತಿಂಗಳುಗಳನ್ನ ಜಾಸ್ತಿ ಮಾಡ್ತಾರೆ, ಅದಕ್ಕೆ. 2023ರ ಫೆಬ್ರವರಿಯಲ್ಲಿ ಅಪ್ಪ ಕಟ್ಟಿದ 19,794ರಲ್ಲಿ 17,267 ಬಡ್ಡಿಗೆ ಹೋಗಿದೆ, ಅಸಲಿಗೆ ಬಿದ್ದದ್ದು 2,527. ಐದೂವರೆ ವರ್ಷ, 66 ಕಂತು ಕಟ್ಟಿದ ಮೇಲೆ, 240 ಇದ್ದ ಬಾಕಿ ಕಂತು ಎಷ್ಟಕ್ಕೆ ಇಳಿದಿತ್ತು ಗೊತ್ತಾ? 231ಕ್ಕೆ. ಆ ಸೆಲ್ ನೋಡ್ತಾ ನಾನು ಫಾರ್ಮುಲಾ ತಪ್ಪಿರಬೇಕು ಅಂತ ಮೂರು ಸಲ ಚೆಕ್ ಮಾಡಿದೆ. ಎಂಟು ವರ್ಷಕ್ಕೆ ಒಟ್ಟು ಕಟ್ಟಿದ್ದು 19 ಲಕ್ಷ, ಅಸಲು ಕರಗಿದ್ದು 3 ಲಕ್ಷ 59 ಸಾವಿರ.

ಮೋಸ ಅಂತ ಹೇಳೋಕಾಗಲ್ಲ. ಫ್ಲೋಟಿಂಗ್ ರೇಟ್ ಅಂತ ಅಗ್ರಿಮೆಂಟ್‌ನಲ್ಲೇ ಇದೆ. ಆರ್‌ಬಿಐ 2022ರ ಮೇನಿಂದ 2023ರ ಫೆಬ್ರವರಿ ಒಳಗೆ ರೆಪೋ ದರವನ್ನ 4ರಿಂದ 6.50ಕ್ಕೆ ಏರಿಸಿತು, ಎಲ್ಲರ ಬಡ್ಡಿಯೂ ಏರಿತು. ನನಗೆ ಹೊಟ್ಟೆ ಉರಿದದ್ದು ಇಳಿಯೋ ಕಡೆ. 2021ರಲ್ಲಿ ಬ್ಯಾಂಕುಗಳು 7ಕ್ಕಿಂತ ಕಮ್ಮಿಗೆ ಮನೆ ಸಾಲ ಕೊಡ್ತಿದ್ದಾಗ ನಮ್ಮದು 9ರಲ್ಲೇ ಇತ್ತು. 2025ರ ಫೆಬ್ರವರಿಯಿಂದ ಜೂನ್ ಒಳಗೆ ರೆಪೋ ಮತ್ತೆ 6.50ರಿಂದ 5.50ಕ್ಕೆ ಇಳಿದಾಗಲೂ ನಮ್ಮದು 10.75. ಯಾಕೆ ಅಂದ್ರೆ, 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಹೊಸ ಫ್ಲೋಟಿಂಗ್ ಮನೆ ಸಾಲಗಳನ್ನ ರೆಪೋ ಥರದ ಹೊರಗಿನ ದರಕ್ಕೇ ಕಟ್ಟಿಹಾಕಬೇಕು ಅಂತ ಆರ್‌ಬಿಐ ನಿಯಮ ಇದೆ. ಹೌಸಿಂಗ್ ಫೈನಾನ್ಸ್ ಕಂಪನಿಗಳಿಗೆ ಆ ನಿಯಮ ಇಲ್ಲ, ಅವರದ್ದೇ ಒಂದು ಪ್ರೈಮ್ ರೇಟ್ ಇರುತ್ತೆ. ಹೊಸಬರನ್ನ ಕರೆಯೋಕೆ ಬೋರ್ಡ್ ಮೇಲೆ 8.50, ಒಳಗಿರೋ ಹಳಬರಿಗೆ 10.75. ಹಳಬರು ಕೇಳೋವರೆಗೂ ಯಾರೂ ಬಂದು ಹೇಳಲ್ಲ.

ಆದ್ರೆ ನಮಗೆ ಹೇಳಿದ್ದರು. ಇದನ್ನೇ ನಾನು ಬರೀಬೇಕು ಅಂತ ಕೂತದ್ದು.

ಏರಿಸೋವಾಗ ತಿಳಿಸಿರಲೇಬೇಕಲ್ಲ ಅಂತ ಅಪ್ಪನ ಮೆಸೇಜುಗಳಲ್ಲಿ ಕಂಪನಿಯ ಹೆಸರು ಹಾಕಿ ಹುಡುಕಿದೆ. 2022ರ ಆಗಸ್ಟ್‌ನದ್ದು ಸಿಕ್ಕಿತು. ಇಂಗ್ಲಿಷ್‌ನಲ್ಲಿ ಎರಡು ಸಾಲು: ಆರ್‌ಓಐ ರಿವೈಸ್ಡ್, ಟೆನರ್ ರಿವೈಸ್ಡ್, ಇಎಂಐ ಅನ್‌ಚೇಂಜ್ಡ್. ನೋಡಿದ ತಕ್ಷಣ ಆ ದಿನ ನೆನಪಾಯ್ತು. ಆಗ ನಾನು ಫಸ್ಟ್ ಪಿಯುಸಿ. ಲಾಕ್‌ಡೌನಲ್ಲಿ ಆನ್‌ಲೈನ್ ಕ್ಲಾಸಿಗೆ ಅಂತ ಕೈಗೆ ಬಂದ ಅಪ್ಪನ ಫೋನ್ ಸಂಜೆ ಆದಮೇಲೆ ನನ್ನದೇ ಆಗಿತ್ತು. ರೀಲ್ಸ್ ನೋಡ್ತಿದ್ದಾಗ ಮೇಲಿಂದ ಮೆಸೇಜ್ ಇಳಿಯಿತು. ಅಪ್ಪ ಕಾಯಿಲ್ ಸುತ್ತಿ ಕಪ್ಪಾದ ಕೈ ತೊಳೀತಾ ಬಚ್ಚಲಿಂದಲೇ ‘ಏನಮ್ಮ ಅದು ಮೆಸೇಜು?’ ಅಂದ. ಹೆಸರು ನೋಡಿ ‘ಲೋನಿಂದು’ ಅಂದೆ. ‘ಏನಂತೆ?’ ಕೊನೆ ಎರಡು ಪದ ಓದಿ ಹೇಳಿದೆ: ‘ಇಎಂಐ ಏನೂ ಚೇಂಜ್ ಆಗಿಲ್ವಂತೆ ಅಪ್ಪ.’

‘ಸರಿ ಬಿಡು’ ಅಂದ.

ಟೆನರ್ ಅಂದ್ರೆ ಏನು ಅಂತ ನನಗೆ ಗೊತ್ತಿರಲಿಲ್ಲ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಹತ್ತನೇ ಕ್ಲಾಸಲ್ಲಿ ಇಂಗ್ಲಿಷ್‌ಗೆ ಬಂದ ಮಾರ್ಕ್ಸನ್ನ ಅಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿದ್ದ. ಮನೆಯಲ್ಲಿ ಆ ಎರಡು ಸಾಲು ಓದಬಲ್ಲವಳು ನಾನೊಬ್ಬಳೇ. 2023ರ ಜನವರಿದೂ ಇತ್ತು, ಅದೇ ಥರ. ಅದನ್ನ ಓದಿ ಹೇಳಿದ್ದೂ ನೆನಪಿಲ್ಲ. ಪಕ್ಕಕ್ಕೆ ತಳ್ಳಿರಬೇಕು.

ಬೆಳಿಗ್ಗೆ ಅಂಗಡಿಗೆ ಹೋಗಿ ಹೇಳಿದೆ. ಅಪ್ಪ ಸ್ಟೇಟರ್ ಒಳಗೆ ಕಾಯಿಲ್ ಕೂರಿಸ್ತಿದ್ದ. ಪೂರ್ತಿ ಕೇಳಿಸಿಕೊಂಡ. ‘ನೀನು ಹೇಳಿದ್ದು ಸರಿನೇ ಇತ್ತಲ್ಲಮ್ಮ. ಇಎಂಐ ಚೇಂಜ್ ಆಗಿರಲಿಲ್ಲ’ ಅಂದ. ಸ್ವಲ್ಪ ಹೊತ್ತು ಬಿಟ್ಟು ‘ಆ ಕಡೆ ವೈರ್ ಹಿಡ್ಕೋ’ ಅಂದ. ಹಿಡ್ಕೊಂಡೆ. ಅವನು ಬೈದಿದ್ದರೆ ಈ ಲೇಖನ ಬರೀತಿರಲಿಲ್ಲವೇನೋ.

ಲೋನ್ ಬೇರೆ ಬ್ಯಾಂಕಿಗೆ ವರ್ಗಾಯಿಸೋಣ ಅಂತ ಹೇಳಿದ್ದಕ್ಕೆ ಮಾತ್ರ ಅಪ್ಪ ಒಪ್ಪಲಿಲ್ಲ. ಯಾರೂ ಕೊಡದಾಗ ಕೊಟ್ಟವರು ಅವರು. ‘ಉಂಡ ಮನೆ ಜಂತೆ ಎಣಿಸಬಾರ್ದು ಕಣಮ್ಮ’ ಅಂದ. ಒಳಗಿಂದ ಅಮ್ಮ, ‘ಮನೆ ನಮ್ದು, ಉಣ್ತಿರೋರು ಅವ್ರು’ ಅಂದಳು. ಈ ಒಂದು ಮಾತಿಗೆ ನನ್ನ ಎಕ್ಸೆಲ್ ಶೀಟ್ ಸಮ ಅಲ್ಲ.

ಹಾಗಂತ ನೇರ ಬೇರೆ ಬ್ಯಾಂಕಿಗೆ ಓಡಲಿಲ್ಲ. ಮೊದಲು ಇರೋ ಕಡೆನೇ ಕೇಳಬೇಕು ಅಂತ ಅಪ್ಪ ಹಟ ಹಿಡಿದ, ಅದು ಸರಿಯೂ ಆಗಿತ್ತು. ತುಮಕೂರಿನ ಬ್ರಾಂಚಿಗೆ ಹೋದೆವು. ಕೇಳಿದ ಹತ್ತು ನಿಮಿಷಕ್ಕೆ 9.60ಕ್ಕೆ ಇಳಿಸ್ತೀವಿ ಅಂದ್ರು, ಕನ್ವರ್ಷನ್ ಫೀ ಉಳಿದ ಸಾಲದ ಅರ್ಧ ಪರ್ಸೆಂಟ್, ಮೇಲೆ ಜಿಎಸ್‌ಟಿ, ಒಟ್ಟು 10,862 ರೂಪಾಯಿ. ಅಪ್ಪನಿಗೆ ಖುಷಿ ಆಯ್ತು. ನನಗೆ ಖುಷಿಗಿಂತ ಸಿಟ್ಟು ಬಂತು. ಹತ್ತು ನಿಮಿಷದಲ್ಲಿ ಇಳಿಸೋ ಹಾಗಿದ್ದರೆ ಎರಡೂವರೆ ವರ್ಷ ಯಾಕೆ ಇಳಿಸಲಿಲ್ಲ? ಎನ್‌ಪರ್‌ಗೆ ಹಾಕಿದರೆ 201 ಕಂತು 171 ಆಗುತ್ತೆ. ಮೂವತ್ತು ಕಂತು ಉಳೀತು. ಆದ್ರೂ ಅವರ ಬೋರ್ಡಿನ 8.50 ಅಲ್ಲ.

ಊರಲ್ಲೇ ಇರೋ ಒಂದು ಸರ್ಕಾರಿ ಬ್ಯಾಂಕಿಗೆ ಹೋದಾಗ ವಿಷಯ ಬೇರೆ ಆಗಿತ್ತು. ಈಗ ಅಪ್ಪನ ಹತ್ತಿರ ಏಳೆಂಟು ವರ್ಷದ ರಿಟರ್ನ್ ಇದೆ, ಜಿಎಸ್‌ಟಿ ನಂಬರ್ ಇದೆ. ಸಿಬಿಲ್ ಸ್ಕೋರ್ ನೋಡಿ ಮ್ಯಾನೇಜರ್ ಮೇಡಂ ‘ಚೆನ್ನಾಗಿ ಕಟ್ಟಿದ್ದೀರ ಯಜಮಾನ್ರೇ’ ಅಂದ್ರು. ಅಪ್ಪ ನೆಟ್ಟಗೆ ಕೂತ. ರೆಪೋ 5.50, ಅದರ ಮೇಲೆ 2.60, ಒಟ್ಟು 8.10. ಅದೇ 19,794 ಕಟ್ಟುತ್ತಾ ಹೋದರೆ 147 ಕಂತಿಗೆ ಸಾಲ ತೀರುತ್ತೆ. 54 ಕಂತು ಕಮ್ಮಿ, ಅಂದ್ರೆ ಹತ್ತಿರ ಹತ್ತಿರ 10 ಲಕ್ಷ 69 ಸಾವಿರ ರೂಪಾಯಿ. ಪ್ರೊಸೆಸಿಂಗ್ ಫೀ, ವಕೀಲರದು, ವ್ಯಾಲ್ಯುಯೇಶನ್, ರಿಜಿಸ್ಟ್ರೇಷನ್ ಸೇರಿ ನಮಗೆ ಆಗೋ ಖರ್ಚು ಮೂವತ್ತು ಸಾವಿರದೊಳಗೆ. ಹಳೇ ಕಂಪನಿ ಬಿಟ್ಟುಹೋಗೋದಕ್ಕೆ ದಂಡ ಹಾಕುತ್ತಾ ಅನ್ನೋದು ಅಪ್ಪನ ಭಯ. ಮನುಷ್ಯರ ಹೆಸರಲ್ಲಿರೋ ಫ್ಲೋಟಿಂಗ್ ರೇಟ್ ಮನೆ ಸಾಲಕ್ಕೆ ಮುಂಚೆ ತೀರಿಸಿದರು ಅಂತ ದಂಡ ಹಾಕೋ ಹಾಗಿಲ್ಲ, ಬ್ಯಾಂಕಿಗೂ ಇಲ್ಲ, ಹೌಸಿಂಗ್ ಫೈನಾನ್ಸಿಗೂ ಇಲ್ಲ.

ಇಲ್ಲಿಗೆ ನನ್ನ ಪ್ರಕಾರ ಲೆಕ್ಕ ಮುಗಿದಿತ್ತು. ಮ್ಯಾನೇಜರ್ ಇನ್ನೊಂದು ದಾರಿ ಹೇಳಿದರು. ಮತ್ತೆ ಹೊಸದಾಗಿ 20 ವರ್ಷಕ್ಕೆ ಮಾಡಿಸಿಕೊಂಡರೆ ಕಂತು 15,513ಕ್ಕೆ ಇಳಿಯುತ್ತೆ. ತಿಂಗಳಿಗೆ 4,281 ಕೈಯಲ್ಲಿ ಉಳಿಯುತ್ತೆ. ಅಮ್ಮನ ಮುಖ ಅರಳಿತು. ಮನೆಗೆ ಬಂದು ನಾನು ಶೀಟ್ ತೋರಿಸಿದೆ. 20 ವರ್ಷ ಅಂದ್ರೆ ಒಟ್ಟು ಕಟ್ಟೋದು 37 ಲಕ್ಷದ ಮೇಲೆ, ಈಗಿರೋ ದಾರಿಯಲ್ಲೇ ಹೋದರೆ 39 ಲಕ್ಷ 78 ಸಾವಿರ. ಇಷ್ಟೆಲ್ಲ ಓಡಾಡಿ ಎರಡೂವರೆ ಲಕ್ಷ ಉಳಿಸೋದಾ? 147 ಕಂತೇ ಸರಿ. ಟೇಬಲ್ ಹಾಕಿದ್ದೆ, ಗ್ರಾಫ್ ಬೇರೆ ಹಾಕಿದ್ದೆ.

ಅಮ್ಮ ಗ್ರಾಫ್ ನೋಡಲೇ ಇಲ್ಲ. ‘ಜುಲೈಲಿ ಎಲ್ಲಿಂದ ತರ್ತೀಯ?’ ಅಂದಳು.

ಮಳೆಗಾಲದಲ್ಲಿ ತೋಟಕ್ಕೆ ನೀರು ಬಿಡೋದು ಕಮ್ಮಿ. ಮೋಟರ್ ಓಡಲ್ಲ, ಸುಡಲ್ಲ, ಅಂಗಡಿಗೆ ಬರಲ್ಲ. ಫೆಬ್ರವರಿಯಿಂದ ಮೇವರೆಗೆ ರಾತ್ರಿ ಹನ್ನೊಂದರ ತನಕ ಕೆಲಸ ಇರುತ್ತೆ, ಜೂನ್ ಆದಮೇಲೆ ಅಪ್ಪ ಫ್ಯಾನು, ಮಿಕ್ಸಿ ಮಾಡ್ಕೊಂಡು ಕೂತಿರ್ತಾನೆ. ನನ್ನ ಫೀಸು, ತಮ್ಮನ ಟ್ಯೂಷನ್ನು ಬರೋದೂ ಆಗಲೇ. ಎರಡು ವರ್ಷ ಜುಲೈ ಕಂತಿಗೆ ಅಮ್ಮ ಬಳೆ ಇಟ್ಟು ಬೇಸಿಗೆಯಲ್ಲಿ ಬಿಡಿಸಿಕೊಂಡಿದ್ದಳಂತೆ. ಇದು ನನಗೆ ಅವತ್ತು ಗೊತ್ತಾಯ್ತು. ಒಂದು ಕಂತೂ ತಪ್ಪಿಲ್ಲ ಅಂತ ಮೇಲೆ ಹೆಮ್ಮೆಯಿಂದ ಬರೆದೆನಲ್ಲ, ತಪ್ಪದೇ ಇದ್ದದ್ದು ಹೀಗೆ. ನನ್ನ ಶೀಟಿನಲ್ಲಿ ಹನ್ನೆರಡು ತಿಂಗಳೂ ಒಂದೇ ಥರ ಇದ್ದವು.

ಎರಡು ದಿನ ಮಾತುಕತೆ ಆಯ್ತು. ಕೊನೆಗೆ 15 ವರ್ಷಕ್ಕೆ ನಿಂತಿತು, ಕಂತು 17,699. ತಿಂಗಳಿಗೆ ಎರಡು ಸಾವಿರ ಉಸಿರು. ಬೇಸಿಗೆ ಚೆನ್ನಾಗಿ ಆದ ವರ್ಷ ಕೈಲಾದಷ್ಟು ಅಸಲಿಗೆ ಕಟ್ಟೋದು, ಅದಕ್ಕೂ ದಂಡ ಇಲ್ಲ. ಈ ಪ್ಲಾನ್ ಹೇಳಿದ್ದು ಅಪ್ಪ. ನನ್ನ 147 ಸೋತಿತು. ಒಂದು ಮಾತು ಮಾತ್ರ ತಗೊಂಡೆ: ಬೇಸಿಗೆಯಲ್ಲಿ ಕಟ್ಟಿದಾಗ ಕಂತು ಇಳಿಸಿ ಅಂತ ಕೇಳಬಾರದು, ತಿಂಗಳು ಇಳಿಸಿ ಅಂತ ಬರೆದುಕೊಡಬೇಕು. ಅಮ್ಮ ಕ್ಯಾಲೆಂಡರ್ ಹಿಂದೆ ಬರೆದಿಟ್ಟಿದ್ದಾಳೆ.

ಆಮೇಲಿನ ಓಡಾಟ ಎಲ್ಲರದ್ದೂ ಒಂದೇ ಥರ ಇರುತ್ತೆ, ಬೇಗ ಹೇಳಿಬಿಡ್ತೀನಿ. ಹಳೇ ಕಂಪನಿಯಿಂದ ಎರಡು ಕಾಗದ ಬೇಕು: ಸಾಲ ಪೂರ್ತಿ ತೀರಿಸೋಕೆ ಎಷ್ಟು ಅಂತ ಹೇಳೋ ಫೋರ್‌ಕ್ಲೋಶರ್ ಲೆಟರ್, ಅವರ ಹತ್ತಿರ ನಮ್ಮ ಯಾವ್ಯಾವ ಪತ್ರ ಇದೆ ಅನ್ನೋ ಪಟ್ಟಿ. ಕೇಳಿದ ದಿನದಿಂದ ಫೋನ್ ಮೇಲೆ ಫೋನ್. 9.60 ಇದ್ದದ್ದು 9.10 ಆಯ್ತು, ಆಮೇಲೆ 8.90. ಕೊಡೋದು ಮಾತ್ರ ನಾಳೆ, ನಾಡಿದ್ದು. ಸಾಲ ವರ್ಗಾವಣೆಗೆ ಅರ್ಜಿ ಕೊಟ್ಟರೆ 21 ದಿನದೊಳಗೆ ಒಪ್ಪಿಗೆನೋ ತಕರಾರೋ ತಿಳಿಸಬೇಕು ಅಂತ ಆರ್‌ಬಿಐ ನಿಯಮ ಇದೆ. ಅದನ್ನ ಹಾಕಿ ಒಂದು ಇಮೇಲ್ ಬರೆದೆ, ಮೂರನೇ ದಿನ ಎರಡೂ ಬಂತು. ನನ್ನ ಇಂಗ್ಲಿಷ್ ಮನೆಗೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು ಇರಬೇಕು. ಫೋರ್‌ಕ್ಲೋಶರ್ ಲೆಟರ್‌ನಲ್ಲಿ ದಿನ ತಡವಾದರೆ ದಿನಕ್ಕೆ 542 ರೂಪಾಯಿ ಬಡ್ಡಿ ಅಂತ ಇತ್ತು. ಅದನ್ನ ಓದಿ ಹೇಳಿದ ಮೇಲೆ ಅಪ್ಪ ಎಲ್ಲ ವಿಷಯಕ್ಕೂ ಅದೇ ಲೆಕ್ಕ ಹಾಕೋಕೆ ಶುರು ಮಾಡಿದ. ಭಾನುವಾರ ಅಂದ್ರೆ 542. ಹಬ್ಬದ ರಜೆ ಅಂದ್ರೆ 542.

ಇತ್ತ ಬ್ಯಾಂಕಿನ ವಕೀಲರಿಗೆ ಕ್ರಯಪತ್ರ, ಅದರ ಹಿಂದಿನ ಮೂಲಪತ್ರ, ಖಾತಾ, ಕಂದಾಯದ ರಸೀದಿ, ಇ.ಸಿ. ಎಲ್ಲ ಬೇಕು. ಇ.ಸಿ. ಕಾವೇರಿ ವೆಬ್‌ಸೈಟಿನಲ್ಲಿ ಸಿಗುತ್ತೆ. ಅದರ ಕನ್ನಡ ಹೆಸರು ನೋಡಿ ನಿಂತುಬಿಟ್ಟೆ. ಋಣಭಾರ ಪ್ರಮಾಣಪತ್ರ. ಆ ಜಾಗದ ಮೇಲೆ ಎಷ್ಟು ಋಣ ಕೂತಿದೆ ಅಂತ ಹೇಳೋ ಕಾಗದ. ಇಂಗ್ಲಿಷ್ ಹೆಸರು ಎಷ್ಟೋ ಸಲ ಕೇಳಿದ್ದೆ, ಅದರೊಳಗೆ ಭಾರ ಇದೆ ಅಂತ ಗೊತ್ತಾಗಿರಲಿಲ್ಲ. ಅಪ್ಪನಿಗೆ ಇವೆಲ್ಲ ಗೊತ್ತಿರೋ ಪದಗಳೇ. ಅಡಮಾನ, ಅಸಲು, ತಕರಾರು, ಋಣಭಾರ. ನನಗೆ ಮಾರ್ಟ್‌ಗೇಜ್ ಗೊತ್ತು, ಅಡಮಾನ ಗೊತ್ತಿಲ್ಲ. ಅವನಿಗೆ ಅಡಮಾನ ಗೊತ್ತು, ಕಾಗದದಲ್ಲಿ ಇರೋದು ಮಾರ್ಟ್‌ಗೇಜ್. ನಾವಿಬ್ಬರೂ ಸೇರಿದರೆ ಒಂದು ಪುಟ ಅರ್ಥ ಆಗ್ತಿತ್ತು.

ಸಹಿ ಹಾಕೋ ದಿನ ಮ್ಯಾನೇಜರ್ ದಪ್ಪ ಕಟ್ಟು ಮುಂದಿಟ್ಟು, ಪೆನ್ಸಿಲ್ಲಲ್ಲಿ ಗುರುತು ಹಾಕಿದ ಕಡೆ ಸಹಿ ಹಾಕಿ ಅಂದ್ರು. 2017ರಲ್ಲಿ ಅಪ್ಪ ಹಾಗೇ ಮಾಡಿದ್ದ. ಈ ಸಲ ಪೆನ್ನು ಕೆಳಗಿಟ್ಟು ನನ್ನ ಕಡೆ ತಿರುಗಿ, ‘ಓದಮ್ಮ. ಪೂರ್ತಿ ಓದು’ ಅಂದ.

ಅವನು ಬೇಕಂತ ಹೇಳಿದ್ದೋ, ಸುಮ್ಮನೆ ಬಂದ ಮಾತೋ, ಕೇಳಿಲ್ಲ. ಓದಿದೆ. ಒಂದೂಮುಕ್ಕಾಲು ಗಂಟೆ ಹಿಡೀತು. ಇಂಗ್ಲಿಷ್ ವಾಕ್ಯ ಓದೋದು, ಅದನ್ನ ಕನ್ನಡದಲ್ಲಿ ಹೇಳೋದು, ಬರದಿದ್ದರೆ ಮೇಡಂ ಕಡೆ ನೋಡೋದು. ಅವರು ನಡುವೆ ಬೇರೆ ಗಿರಾಕಿಗಳನ್ನ ಕಳಿಸಿಕೊಟ್ಟು ಬಂದು ಕೂರ್ತಿದ್ರು, ಒಂದು ಸಲವೂ ಮುಖ ಸಿಂಡರಿಸಲಿಲ್ಲ. ಬಡ್ಡಿ ಬದಲಾದರೆ ಏನಾಗುತ್ತೆ ಅನ್ನೋ ಕಡೆ ಬಂದಾಗ ನಿಧಾನ ಮಾಡಿದೆ. 2023ರ ಆಗಸ್ಟ್‌ನಲ್ಲಿ ಆರ್‌ಬಿಐ ಮಾಡಿದ ನಿಯಮದ ಪ್ರಕಾರ, ಬಡ್ಡಿ ಏರಿದಾಗ ಕಂತು ಏರಿಸಬೇಕಾ, ತಿಂಗಳು ಬೆಳೆಸಬೇಕಾ, ಎರಡೂ ಸ್ವಲ್ಪ ಸ್ವಲ್ಪ ಮಾಡಬೇಕಾ ಅಂತ ಸಾಲ ತಗೊಂಡವರನ್ನ ಕೇಳಬೇಕು. ಮೂರು ತಿಂಗಳಿಗೊಮ್ಮೆ ಅಸಲೆಷ್ಟು, ಬಡ್ಡಿಯೆಷ್ಟು, ಉಳಿದ ಕಂತೆಷ್ಟು ಅಂತ ಸ್ಟೇಟ್‌ಮೆಂಟ್ ಸಿಗೋ ಹಾಗೆ ಮಾಡಬೇಕು. ಅಪ್ಪ ಆ ಪುಟದ ನಂಬರ್ ಬರೆದುಕೊಂಡ.

ಅಮ್ಮನೂ ಸಹಿ ಹಾಕಬೇಕಿತ್ತು, ಸಾಲ ಇಬ್ಬರ ಹೆಸರಲ್ಲೂ ಇದೆ. ‘ಜಾಯಿಂಟ್ಲಿ ಅಂಡ್ ಸೆವರಲಿ’ ಅಂತ ಒಂದು ಕಡೆ ಇತ್ತು. ‘ಇಬ್ಬರೂ ಸೇರಿ, ಮತ್ತೆ ಒಬ್ಬೊಬ್ಬರೂ ಪೂರ್ತಿ ಸಾಲಕ್ಕೆ ಜವಾಬ್ದಾರರು’ ಅಂದೆ. ಅಮ್ಮ ಯೋಚಿಸಿ, ‘ಅಂದ್ರೆ ಇವ್ರು ಇಲ್ದಿದ್ರೆ ನಾನೊಬ್ಳೇ ಅಷ್ಟೂ ಕಟ್ಟಬೇಕಾ?’ ಅಂದಳು. ಹೌದು ಅಂದೆ. ಯಾರೂ ಮಾತಾಡಲಿಲ್ಲ. ಎಂಟು ವರ್ಷದ ಹಿಂದೆಯೂ ಅವಳು ಇದೇ ವಾಕ್ಯಕ್ಕೆ ಸಹಿ ಹಾಕಿದ್ದಳು. ಆ ತಿಂಗಳೇ ಅಪ್ಪ ಒಂದು ಟರ್ಮ್ ಇನ್ಶೂರೆನ್ಸ್ ಮಾಡಿಸಿದ.

ಸೆಪ್ಟೆಂಬರ್ ಕೊನೆಗೆ ಬ್ಯಾಂಕ್ ಹಳೇ ಕಂಪನಿಗೆ ದುಡ್ಡು ಕಟ್ಟಿತು. ನಾನು ಹಾಸ್ಟೆಲ್‌ಗೆ ವಾಪಸ್ ಬಂದಿದ್ದೆ. ಇಲ್ಲಿಂದ ಮುಂದೆ ಅಪ್ಪನಿಗೆ ನಿದ್ದೆ ಇಲ್ಲ. ಹಳೇ ಸಾಲ ತೀರಿದೆ, ಹೊಸ ಸಾಲ ಶುರುವಾಗಿದೆ, ಪತ್ರ ಮಾತ್ರ ಎರಡೂ ಕಡೆ ಇಲ್ಲ. ನಮ್ಮ ಮನೆ ಪತ್ರ ಬೇರೆ ರಾಜ್ಯದ ಯಾವುದೋ ರೆಕಾರ್ಡ್ ರೂಮಿನಲ್ಲಿ ಇದೆಯಂತೆ, ಅಲ್ಲಿಂದ ಬರಬೇಕಂತೆ. ದಿನಾ ರಾತ್ರಿ ಫೋನ್: ‘ಕಳೆದುಹೋಗಿದ್ರೆ?’ ಸಾಲ ತೀರಿದ 30 ದಿನದೊಳಗೆ ಮೂಲ ದಾಖಲೆ ವಾಪಸ್ ಕೊಡಬೇಕು, ತಮ್ಮ ತಪ್ಪಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು, 2023ರ ಡಿಸೆಂಬರ್ 1ರಿಂದ ನಿಯಮ ಇದೆ ಅಂತ ಹೇಳಿದೆ. ‘ದುಡ್ಡು ಯಾರಿಗೆ ಬೇಕಮ್ಮ’ ಅಂದ. ದಿನಕ್ಕೆ 542ರ ಲೆಕ್ಕ ಹಾಕ್ತಿದ್ದ ಮನುಷ್ಯ.

24ನೇ ದಿನ ಬಂತು. ನಾನು ಇಂಟರ್ನಲ್ಸ್ ಮಧ್ಯೆ ಇದ್ದೆ. ಅಪ್ಪ ತುಮಕೂರಿಗೆ ಹೋಗಿ, ಪಟ್ಟಿ ಇಟ್ಟುಕೊಂಡು ಒಂದೊಂದೇ ಪುಟ ತಿರುವಿ ನೋಡಿ, ಎನ್‌ಓಸಿ ತಗೊಂಡು ಬಂದಿದ್ದ. ಕ್ರಯಪತ್ರದಲ್ಲಿ ತನ್ನ ಸಹಿ ಇರೋ ಪುಟದ ಫೋಟೋ ಕಳಿಸಿದ. ಮಾರನೇ ದಿನ ಬ್ಯಾಂಕಿಗೆ ಕೊಡಬೇಕಿತ್ತು. ಎಂಟು ವರ್ಷದ ಮೇಲೆ ಆ ಒಂದು ರಾತ್ರಿ ಪತ್ರ ನಮ್ಮ ಮನೆಯಲ್ಲಿತ್ತು. ಅಮ್ಮ ದೇವರ ಮುಂದೆ ಇಟ್ಟು ಕುಂಕುಮ ಹಚ್ಚೋಕೆ ಹೋದಳಂತೆ, ಬ್ಯಾಂಕಿನವರು ಬೈತಾರೆ ಅಂತ ಅಪ್ಪ ಕವರ್‌ಗೆ ಹಚ್ಚಿಸಿದನಂತೆ. ಬೆಳಿಗ್ಗೆ ಹೋಗಿ ಮತ್ತೆ ಅಡಮಾನ ಇಟ್ಟು ಬಂದರು. ಆಮೇಲೆ ಸಬ್ ರಿಜಿಸ್ಟ್ರಾರ್ ಆಫೀಸು, ಹಳೇ ಋಣ ತೆಗೆಸೋದು, ಹೊಸದು ಕೂರಿಸೋದು. ಈಗ ಇ.ಸಿ. ತೆಗೆದರೆ ಎರಡೂ ಕಾಣುತ್ತೆ.

ಡಿಸೆಂಬರ್ 5ಕ್ಕೆ ಆರ್‌ಬಿಐ ರೆಪೋ ದರವನ್ನ 5.25ಕ್ಕೆ ಇಳಿಸಿತು. ನನಗೆ ಆಗ ಎಕ್ಸಾಮ್ ಗಲಾಟೆ, ಗಮನಿಸಿರಲಿಲ್ಲ. ಆಮೇಲೊಂದು ದಿನ ಲ್ಯಾಬ್‌ನಲ್ಲಿದ್ದಾಗ ಅಪ್ಪನ ವಾಟ್ಸಾಪ್ ಬಂತು. ಬ್ಯಾಂಕಿನ ಮೆಸೇಜಿನ ಸ್ಕ್ರೀನ್‌ಶಾಟ್. ಇಂಗ್ಲಿಷ್‌ನಲ್ಲಿ ಮೂರು ಸಾಲು. ಅದರ ಕೆಳಗೆ ವಾಯ್ಸ್ ನೋಟ್, ಹಿಂದೆ ಗ್ರೈಂಡರ್ ಸದ್ದು: ‘ಏನಂತೆ ನೋಡಮ್ಮ. ಅರ್ಜೆಂಟಿಲ್ಲ, ಬಿಡುವಾದಾಗ.’

ಹೊರಗೆ ಕಾರಿಡಾರಿಗೆ ಬಂದು ಎರಡು ಸಲ ಓದಿ, ಕನ್ನಡದಲ್ಲಿ ಟೈಪ್ ಮಾಡಿ ಕಳಿಸಿದೆ. ಬಡ್ಡಿ 8.10ರಿಂದ 7.85ಕ್ಕೆ ಇಳಿದಿದೆ. ಕಂತು 17,699, ಬದಲಾಗಿಲ್ಲ. ಬಾಕಿ ತಿಂಗಳು ಕಮ್ಮಿ ಆಗಿದೆ, ಎಷ್ಟು ಅಂತ ಇದರಲ್ಲಿ ಬರೆದಿಲ್ಲ, ಬ್ಯಾಂಕಿಗೆ ಹೋದಾಗ ಕೇಳು, ನಾನೂ ಸಂಜೆ ಲೆಕ್ಕ ಹಾಕ್ತೀನಿ.

ಅಪ್ಪ ಒಂದು ಹೆಬ್ಬೆರಳು ಕಳಿಸಿದ.